ಟೀಚರ ಕ್ರೋಶಾ ಕಡ್ಡಿ

ಆ ಬೆಳಿಗ್ಗೆ ಎಂದಿನಂತೆ ಗಂಡನಿಗೆ ಬುತ್ತಿ ಕಟ್ಟಿಕೊಟ್ಟು, ಅವರು ಮಂಗಳೂರಿನ ಬಸ್ಸಿಗೆ ಹೊರಟ ಮೇಲೆ ಬಟ್ಟೆ ಒಣಗಲು ಹಾಕಿ, ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಆಚೆ ಮನೆಯ ಟೀಚರ್ ಬಳಿಗೆ ಹೋದೆ. ಅವರು ಮೇಜಿನ ಮುಂದೆ ಅಲಸಂಡೆ ಮುರಿಯುತ್ತಿದ್ದರು. ಕಿವಿಯ ಮೇಲೆ, ಆಚಾರಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ, ನೂಲು ಹೆಣೆಯುವ ಉಕ್ಕಿನ ಕ್ರೋಶಾ ಕಡ್ಡಿ. ಕಂಪ್ಯೂಟರಿನ ಪರದೆಗೆ ಬೆರಳು ತಾಗಿಸುವುದು ಅವರಿಗೆ ಆಗದು. ತೋರಿಸುವುದೆಲ್ಲ ಆ ಕಡ್ಡಿಯಿಂದಲೇ.

ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಕೇರಳಕ್ಕೆ ಸೇರಿದ ನಮ್ಮ ಮಂಜೇಶ್ವರದ ಶಾಲೆಗಳಲ್ಲಿರುವಂತೆ ಅವರ ಮನೆಯ ಕಂಪ್ಯೂಟರಿನಲ್ಲೂ ವಿಂಡೋಸಿನ ಬದಲು ಲಿನಕ್ಸ್. ನಾನೋ ಮದುವೆಗೆ ಮುಂಚೆ ಆಫೀಸಿನಲ್ಲಿ ವಿಂಡೋಸ್ ಕಲಿತವಳು.

ಪೆನ್‌ಡ್ರೈವಿನಲ್ಲಿದ್ದದ್ದು ತೀರಿಹೋದ ನನ್ನ ಅಮ್ಮನ ಧ್ವನಿ, ಎರಡು ಫೈಲು. ಒಂದರಲ್ಲಿ ಕೆಸುವಿನೆಲೆಯ ಪತ್ರೊಡೆ ಮಾಡುವ ಕ್ರಮ ಹೇಳುತ್ತಾ ನಡುವೆ ಬೆಕ್ಕಿಗೆ ಬೈಯುತ್ತಾರೆ; ಇನ್ನೊಂದರಲ್ಲಿ ತೊಟ್ಟಿಲ ಹಾಡು. ನಮ್ಮ ಕಂಪ್ಯೂಟರ್ ಕೆಟ್ಟುಹೋಗಿತ್ತು, ಬೇರೆಲ್ಲೂ ಪ್ರತಿ ಇರಲಿಲ್ಲ; ಟೀಚರ ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಡೋಣವೆಂದು ಬಂದಿದ್ದೆ.

"ನೀವೇ ಮಾಡಿ, ನಾನಿಲ್ಲೇ ಉಂಟಲ್ಲ," ಎಂದರು ಟೀಚರ್.

'ಮನೆ' ಎಂಬ ಫೋಲ್ಡರಿನೊಳಗೆ 'ಅಮ್ಮ' ಎಂಬ ಫೋಲ್ಡರ್ ಮಾಡಿದೆ. ಪತ್ರೊಡೆಯ ಫೈಲನ್ನು ಅಲ್ಲಿಗೆ ಸಾಗಿಸಲು ಆಜ್ಞೆ ಬರೆಯುವಾಗ, ಎರಡು ಹೆಸರುಗಳ ನಡುವೆ ಆಫೀಸಿನ ಅಭ್ಯಾಸದಂತೆ ಹಿಂದಕ್ಕೆ ವಾಲಿದ ಗೆರೆ ಹಾಕಿದೆ, ಬ್ಯಾಕ್‌ಸ್ಲ್ಯಾಶ್. ತಕರಾರಿಲ್ಲದೆ ಹೋಯಿತು. ಹಾಡಿಗೂ ಹಾಗೆಯೇ ಬರೆದು ಎಂಟರ್ ಒತ್ತಬೇಕು ಅನ್ನುವಷ್ಟರಲ್ಲಿ ಟೀಚರ ಕಡ್ಡಿ ಬಂದು ಕೀ ಮೇಲೆ ಅಡ್ಡ ಬಿತ್ತು.

"ತಡೀರಿ ಮಾರಾಯ್ತಿ! ಮೊದ್ಲಿನದ್ದು ಎಲ್ಲಿಗೆ ಹೋಯ್ತು ನೋಡಿ."

ಫೋಲ್ಡರ್ ಖಾಲಿ. ಪೆನ್‌ಡ್ರೈವಿನಲ್ಲೂ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳ್ಬೇಡಿ, ಉಂಟು. ವಿಂಡೋಸಿನಲ್ಲಿ ಆ ಗೆರೆ ಒಂದು ಫೋಲ್ಡರಿನಿಂದ ಅದರ ಒಳಗಿನದ್ದಕ್ಕೆ ಹೋಗುವ ಬಾಗಿಲು. ಇಲ್ಲಿ ಆಜ್ಞೆ ಓದುವ ಶೆಲ್‌ನಲ್ಲಿ ಅದು ಮುಂದಿನ ಅಕ್ಷರಕ್ಕೆ, ನೀನು ಬರೀ ಅಕ್ಷರವಾಗಿ ಇರು ಅಂತ ಹೇಳಿ ತಾನು ಮಾಯ ಆಗ್ತದೆ."

ಬಾಗಿಲು ಹೋಗಿ ಎರಡೂ ಹೆಸರು ಅಂಟಿಕೊಂಡು, ಪತ್ರೊಡೆ 'ಮನೆಅಮ್ಮ' ಎಂಬ ಒಂದೇ ಹೆಸರಿನ ಫೈಲಾಗಿ ಹೊರಗೆ ಕೂತಿತ್ತು. ಎಂಟರ್ ಒತ್ತಿದ್ದರೆ ಹಾಡು ಅದೇ ಹೆಸರಿನಲ್ಲಿ ಬಂದು ಪತ್ರೊಡೆಯನ್ನು ಅಳಿಸಿಬಿಡುತ್ತಿತ್ತು.

"ಅಲಸಂಡೆ ಮುರಿಯುತ್ತಾ ಇದ್ರಲ್ಲ, ನಿಮಗೆ ಹೇಗೆ ಗೊತ್ತಾಯ್ತು ಟೀಚರ್?"

"ಪರದೆ ಯಾರು ನೋಡಿದ್ರು? ನಿಮ್ಮ ಕಿರುಬೆರಳು ಮೇಲಿನ ಕೀಗೆ ಹೋಯ್ತು. ಕೆಳಗಿನದ್ದಕ್ಕೆ ಹೋಗ್ಬೇಕಿತ್ತು, ಇಲ್ಲಿಯ ಬಾಗಿಲು ಆ ಮುಂದಕ್ಕೆ ವಾಲಿದ ಗೆರೆ."

ಗೆರೆ ಸರಿಮಾಡಿಸಿ ಎರಡನ್ನೂ 'ಅಮ್ಮ'ದೊಳಗೆ ಸೇರಿಸಿ, ನನ್ನ ಫೋನಿಗೂ ಹಾಕಿಕೊಟ್ಟರು. ಮತ್ತೆ ಎರಡು ಬೇರೆ ಬೇರೆ ಶೆಲ್ ತೆರೆದು, ಬ್ಯಾಕ್‌ಸ್ಲ್ಯಾಶ್ ಇರುವ ಒಂದೇ ಸಾಲನ್ನು ಎರಡಕ್ಕೂ ಕೊಟ್ಟರು. ಒಂದು ಬರೆದದ್ದನ್ನು ಹಾಗೇ ಒಪ್ಪಿಸಿತು. ಇನ್ನೊಂದು ಗೆರೆಯನ್ನು ನುಂಗಿ ಸಾಲನ್ನು ಎರಡಾಗಿ ಮುರಿಯಿತು. ಎರಡೂ ಲಿನಕ್ಸೇ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವರು ಕಡ್ಡಿಯನ್ನು ಕಿವಿಗೆ ಸಿಕ್ಕಿಸಿ, "ಒಬ್ರು ಗೇಟಲ್ಲಿ ಚಪ್ಪಲಿ ಬಿಡಿ ಅಂತಾರೆ, ಇನ್ನೊಬ್ರು ಜಗಲಿಯಲ್ಲಿ. ಹೋದ ಮನೆಯ ಕ್ರಮ ಕೇಳಿ ಕಾಲಿಡ್ಬೇಕು," ಎಂದು ಅಲಸಂಡೆಗೆ ಮರಳಿದರು.

ಟೀಚರ್ ಈಗಿಲ್ಲ. ಕಡ್ಡಿಯನ್ನು ಅವರ ಸೊಸೆ ನನಗೆ ಕೊಟ್ಟಿದ್ದಾಳೆ. ಹೆಣಿಗೆ ನನಗೆ ಬಾರದು. ಯಾವ ಆಜ್ಞೆ ಬರೆದರೂ ಎಂಟರ್ ಒತ್ತುವ ಮೊದಲು ಆ ಕಡ್ಡಿಯನ್ನು ಕೀ ಮೇಲೆ ಅಡ್ಡ ಇಟ್ಟು ಇನ್ನೊಮ್ಮೆ ಓದುತ್ತೇನೆ.

ಟೀಚರ್ ಪತ್ರೊಡೆಯನ್ನು ಉಳಿಸಿಕೊಟ್ಟ ಆ ದಿನ ಸಂಜೆ, ಅಡುಗೆಮನೆಯಲ್ಲಿ ಫೋನಿನಲ್ಲಿ ಅಮ್ಮನ ಆ ಧ್ವನಿ ಹಚ್ಚಿ ಕೇಳುತ್ತಿದ್ದೆ. ಬಾಡಿಗೆಗೆ ಹೊಸದಾಗಿ ಬಂದಿದ್ದ ಪಕ್ಕದ ಮನೆಯಾಕೆ ಬಟ್ಟೆ ತೆಗೆಯುತ್ತಾ ಗೋಡೆಯಾಚೆಯಿಂದ ಕೂಗಿದಳು: "ಅಕ್ಕಾ, ನಿಮ್ಮ ಅಮ್ಮ ಬಂದಿದ್ದಾರಾ? ಪಾಪದ ಬೆಕ್ಕಿಗೆ ಎಂತ ಬೈಗುಳ ಮಾರಾಯ್ರೆ!"