ಮಾಸ್ಟರ್ ಪಾರ್ಟಿ ಬದಲಿಸಿದ ಭಾನುವಾರಗಳು

ವಾರ್ಡ್ ಸಚಿವಾಲಯದ ಕೆಲಸ ಸಿಕ್ಕಿ ಆಂಧ್ರದ ಗಡಿಯ ರಾಯದುರ್ಗಕ್ಕೆ ಬಂದ ಹೊಸತರಲ್ಲಿ ನಾನು ಯಾರೊಂದಿಗೂ ಹೆಚ್ಚು ಮಾತಾಡಿದವಳಲ್ಲ. ಮಡಕಶಿರ ಕಡೆಯ ನನ್ನ ಕನ್ನಡ ಕೇಳಿ ಕೌಂಟರಿನ ಆಚೆ ನಿಂತವರು ನಗುತ್ತಿದ್ದರು. ಅವರ ‘ಹೌದ್ರಿ, ಬರ್ರಿ’ಗಳಿಗೆ ನಾನೂ ಒಳಗೊಳಗೇ ನಗುತ್ತಿದ್ದೆ. ಸಂಜೆ ರೂಮಿಗೆ ಬಂದು, ಒಂಬತ್ತನೇ ಕ್ಲಾಸಿನಿಂದ ಮಾಡಿಕೊಂಡು ಬಂದ ಹಾಗೆ, ತಾರೀಖು ಹಾಕಿ ಡೈರಿ ಬರೆದು ಮಲಗುತ್ತಿದ್ದೆ. ಬರೆಯಲು ಏನೂ ಇರುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಾಲು ತರಲು ಹೋದಾಗ ಕಾಲೇಜು ಮೈದಾನದಲ್ಲಿ, ಬ್ಯಾಸ್ಕೆಟ್‌ಬಾಲ್ ಬೋರ್ಡಿನ ಕೆಳಗೆ, ಮೂವರು ಗಂಡಸರು ಒಂದು ಫೋನಿನ ಸುತ್ತ ಕೂತು ಕೂಗಾಡುತ್ತಿದ್ದರು. ಜಮೀನಿನ ತಕರಾರು ಅಂದುಕೊಂಡೆ. ಹತ್ತಿರ ಹೋಗಿ ಕೇಳಿದರೆ, ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅಮೆರಿಕದಲ್ಲಿ ಆಡಿ ಮುಗಿಸಿದ ಒಂದು ಪಂದ್ಯದ ತಕರಾರು. ಎಂಬತ್ತರ ದಶಕದ ಎರಡು ತಂಡಗಳು, ಒಂದು ಹಸಿರು ಅಂಗಿಯದು, ಇನ್ನೊಂದು ಹಳದಿಯದು. ವರ್ಷ ವರ್ಷವೂ ಒಬ್ಬರನ್ನೊಬ್ಬರು ಸೋಲಿಸಲೆಂದೇ ಹುಟ್ಟಿದಂತಿದ್ದ ತಂಡಗಳು. ನಾನು ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಹಾಲಿನ ಪಾಕೆಟ್ ಹಿಡಿದುಕೊಂಡೇ, “ಹಳದಿಯವರ ಸ್ಪೀಡ್ ಮುಂದೆ ಹಸಿರು ಯಾವ ಲೆಕ್ಕ?” ಅಂದೆ.

ಅವರಲ್ಲಿ ಹಿರಿಯರು ತಲೆ ಎತ್ತಿ ನೋಡಿದರು. “ಬಾರವ್ವಾ, ಕುಂದ್ರು. ಬೈಸ್ಕೊಳ್ಳಾಕ ಒಬ್ರು ಕಮ್ಮಿ ಇದ್ರು.”

ಅವರೇ ಮಾಸ್ಟರ್. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್, ಅರವತ್ತಕ್ಕೆ ಒಂದೆರಡು ವರ್ಷ ಕಡಿಮೆ. ಹುಡುಗನಾಗಿದ್ದಾಗ ಜಿಲ್ಲಾ ತಂಡಕ್ಕೆ ಆಡಿದವರು. ಆಗ ಅನಂತಪುರದ ಹಾಸ್ಟೆಲಿನಲ್ಲಿ ಯಾರೋ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ಈ ಎರಡು ತಂಡಗಳನ್ನು ನೋಡಿ, ಅಂದಿನಿಂದ ಹಸಿರಿನವರಾದರು. ಉಳಿದಿಬ್ಬರಲ್ಲಿ ಒಬ್ಬರು ಸರ್ಕಾರಿ ಶಾಲೆಯಲ್ಲಿ ಆಟ ಕಲಿಸುವ ಪಿ.ಇ.ಟಿ. ಸಾರ್, ಅವರೂ ಹಸಿರು. ಇನ್ನೊಬ್ಬ ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಬಾಯಿ ಜೋರು, ಹಳದಿ. ನಾನು ಸೇರಿದ ಮೇಲೆ ಇಬ್ಬರಿಗಿಬ್ಬರು ಸರಿಯಾಯಿತು.

ಅಮೆರಿಕದ ರಾತ್ರಿ ಆಟ ನಮಗೆ ಬೆಳಗಿನ ಜಾವ ಬರುತ್ತದೆ. ಸೀಸನ್ ಇದ್ದಾಗ ಅದನ್ನು ನೋಡುವುದು, ಇಲ್ಲದಾಗ ಹಳೆಯ ಪಂದ್ಯಗಳ ತುಣುಕು. ನೋಡುವುದು ಸ್ವಲ್ಪ, ವಾದವೇ ಜಾಸ್ತಿ. ವಾದಕ್ಕೊಂದು ಕಟ್ಟಳೆ ಇತ್ತು. ಪಾರ್ಟಿ ಬದಲಿಸುವಂತಿಲ್ಲ. ಬಾಯಿತಪ್ಪಿ ಎದುರಿನ ತಂಡವನ್ನು ಹೊಗಳಿದರೂ ದಂಡ ಕಟ್ಟಬೇಕು. ದಂಡವೆಂದರೆ ನಾಲ್ವರಿಗೂ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ. ತಪ್ಪಿದವರು ಆ ಗಳಿಗೆಯಲ್ಲೇ ಎದ್ದು ಹೋಗಿ ತರಬೇಕು. ಅಪ್ಪನ ಶ್ರಾದ್ಧವಿದ್ದರೂ ಬಿಡುತ್ತಿರಲಿಲ್ಲ. ಪಿ.ಇ.ಟಿ. ಸಾರಿಗೆ ಜ್ವರವಿದ್ದ ದಿನ ಕಂಬಳಿ ಹೊದ್ದುಕೊಂಡೇ ಹೋಗಿ ತಂದಿದ್ದರು.

ಅವರ ಜೊತೆ ಕೂತ ಮೊದಲ ದಿನದಿಂದಲೇ ನನ್ನ ಡೈರಿಯಲ್ಲಿ ಭಾನುವಾರಕ್ಕೆ ಎರಡು ಕಾಲಂ. ಯಾರ ಮಾತು ನಿಂತಿತೋ ಅವರ ಕಡೆ ಒಂದು ಗೀಟು. ನಾಲ್ಕು ಗೀಟಿನ ಮೇಲೆ ಅಡ್ಡಗೀಟು.

ಮಾಸ್ಟರ್ ವಾದಿಸುತ್ತಿದ್ದದ್ದು ಎರಡು ತಂಡಗಳ ದೊಡ್ಡ ಹೀರೋಗಳ ಬಗ್ಗೆ ಅಲ್ಲ. ಹಸಿರು ತಂಡದಲ್ಲಿ ಒಬ್ಬ ಗಾರ್ಡ್ ಇದ್ದ. ಹೆಚ್ಚು ಬಾಸ್ಕೆಟ್ ಹಾಕುವವನಲ್ಲ. ಎದುರಿನ ಹೀರೋಗೆ ಅಂಟಿಕೊಂಡು ಅವನ ಆಟ ಕೆಡಿಸುವವನು. “ಅವನ ಫೋಟೋ ಯಾರೂ ಗ್ವಾಡಿಗೆ ಹಚ್ಚಲಿಲ್ಲ” ಅನ್ನುತ್ತಿದ್ದರು ಮಾಸ್ಟರ್. “ಬಾಲು ಯಾರ ಕೈಯಾಗೈತಿ ಅಂತ ನೋಡ್ತೀರಿ ನೀವು. ಬಾಲು ಇಲ್ಲದವ ಎಲ್ಲಿ ನಿಂತಾನ, ಅದ ನೋಡ್ರಿ. ಅವ ಅಲ್ಲಿ ನಿಂತಿದ್ದಕ್ಕ ಇವ ಇಲ್ಲಿ ತಪ್ಪಿದ.”

“ಮಾಸ್ಟರ್, ನಿಂತಿದ್ದಕ್ಕೆಲ್ಲ ಕಪ್ ಕೊಡ್ತಾರೇನ್ರೀ?” ಮೊಬೈಲ್ ಅಂಗಡಿಯವನು ರೇಗಿಸುತ್ತಿದ್ದ. “ಹಂಗಾದ್ರ ನಮ್ಮ ಸರ್ಕಲ್ಲಿನ ವಿಗ್ರಹಕ್ಕ ಕೊಡಬೇಕಿತ್ತು.”

“ನಿನ್ನ ಅಂಗಡ್ಯಾಗ ಫೋನ್ ಬಿಚ್ಚಿದ ಮ್ಯಾಲ ಒಂದು ಸ್ಕ್ರೂ ಉಳೀತೈತಲ್ಲ, ಅದರಂಥವ ಅವ. ಸಣ್ಣದು ಅಂತ ಬಿಟ್ಟು ಕಟ್ಟಿ ಕೊಡ್ತೀ. ಎಂಟು ದಿನಕ್ಕ ಗಿರಾಕಿ ವಾಪಸ್ ಬರ್ತಾನ.”

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹಸಿರಿನ ಕಡೆ ಗೀಟು ಎಳೆದೆ.

ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಆಮೇಲೆ, ಯುಗಾದಿಗೆ ಮುಂಚಿನ ಒಂದು ಭಾನುವಾರ, ಆ ಗಾರ್ಡಿನ ಮಾತು ಬಂದಾಗ ಮಾಸ್ಟರ್ ಸುಮ್ಮನೆ ಕೇಳಿಸಿಕೊಂಡು, “ಅವನೇನು ಮಹಾ? ಹಳದಿಯವರ ಮುಂದ ಅವರೆಲ್ಲ ಕಾಲು ಎಳಕೊಂಡು ಓಡೋರು” ಅಂದರು.

ಮೊಬೈಲ್ ಅಂಗಡಿಯವನು ಎದ್ದು ಕುಣಿದ. “ಮಾಸ್ಟರ್ ಪಾರ್ಟಿ ಬದ್ಲಿ ಮಾಡ್ಯಾರ! ಒಗ್ಗರಣಿ! ಮಿರ್ಚಿ!” ಪಿ.ಇ.ಟಿ. ಸಾರ್, “ಇಷ್ಟ್ ವರ್ಷ ನನ್ನ ಕೂಡ ಸಂಸಾರ ಮಾಡಿ ಈಗ ಡೈವರ್ಸ್ ಏನ್ರೀ?” ಅಂದರು. ಮಾಸ್ಟರ್ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿ, ಎಲ್ಲರಿಗಿಂತ ತುಸು ತಡವಾಗಿ ನಕ್ಕರು. ಎದ್ದು ಹೋಗಿ ಒಗ್ಗರಣೆ ತಂದರು.

ಮುಂದಿನ ವಾರ ಮತ್ತೆ ಹಸಿರು. ಮತ್ತೆ ದಂಡ ಕೇಳಿದೆವು, ತಂದರು. ಅದರ ಮುಂದಿನ ವಾರ ಒಂದೇ ಬೆಳಿಗ್ಗೆ ಎರಡು ಸಲ ಬದಲಿಸಿದರು. ಮೊಬೈಲ್ ಅಂಗಡಿಯವನು ಅವರಿಗೆ ಎಂ.ಎಲ್.ಎ. ಟಿಕೆಟ್ ಗ್ಯಾರಂಟಿ ಅಂದ. ನಮಗಾಗಿಯೇ ಮಾಡುತ್ತಿರುವ ಹೊಸ ತಮಾಷೆ ಇದು ಎಂದು ನಾವು ಮೂವರೂ ನಂಬಿದ್ದೆವು. ನಾನಂತೂ ಡೈರಿಯಲ್ಲಿ ಅದಕ್ಕೆಂದು ಮೂರನೆಯ ಕಾಲಂ ಎಳೆದೆ. ಆ ಪುಟಗಳು ಈಗಲೂ ಇವೆ. ಗೀಟುಗಳೆಲ್ಲ ನೆಟ್ಟಗಿವೆ, ಲೆಕ್ಕ ಒಂದೂ ತಪ್ಪಿಲ್ಲ. ನೋಡಬೇಕಾದ್ದು ಮಾತ್ರ ಅದರಲ್ಲಿ ಇಲ್ಲ.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಮಾಸ್ಟರ ಹೆಂಡತಿ ನನ್ನ ಕೌಂಟರಿಗೆ ಬಂದರು. ಆರೋಗ್ಯ ಕಾರ್ಡಿನ ಕೆಲಸ ಎಂದರು. ಕಾರ್ಡ್ ಮುಂದಿಟ್ಟು, ಅದರ ಬಗ್ಗೆ ಮಾತೇ ಆಡಲಿಲ್ಲ.

“ನೀನು ನಮ್ಮ ಮಡಕಶಿರದ ಕಡೇಳಂತೆ ಕಣಮ್ಮ. ನಂದೂ ತೌರು ಅಲ್ಲೇಯ. ಅದ್ಕೇ ನಿನ್ತಾವ ಬಂದೆ.” ದನಿ ಇಳಿಸಿದರು. “ಇನ್ಮೇಲೆ ಅವ್ರ ಕೈಲಿ ಒಗ್ಗರಣೆ ತರುಸ್ಬ್ಯಾಡ್ರಿ. ಮೊನ್ನೆ ಭಾನ್ವಾರ ಪೊಟ್ಲ ಹಿಡ್ಕಂಡು ರೈಲ್ವೆ ಸ್ಟೇಷನ್‌ತಾವ ನಿಂತಿದ್ರಂತೆ. ಯಾರ್ಗೆ ತಂದೆ, ಎತ್ತಾಗೆ ಹೋಗ್ಬೇಕು, ಒಂದೂ ಗೊತ್ತಾಗಿಲ್ಲ.”

ಆ ವಾರ ನಾವು ಕಾದೂ ಕಾದೂ, ಮಾಸ್ಟರ್ ದಂಡ ತಪ್ಪಿಸಿಕೊಂಡು ಓಡಿದರೆಂದು ನಗುತ್ತ ಮನೆಗೆ ಹೋಗಿದ್ದೆವು.

ಉಳಿದದ್ದನ್ನೂ ಅವರೇ ಹೇಳಿದರು. ಪ್ಯಾಂಟಿನ ಬಟ್ಟೆಯನ್ನು ಎಡ-ಬಲ ಜೋಡಿ ಬರುವ ಹಾಗೆ ಹಾಸಿ ಕತ್ತರಿಸಬೇಕು. ಮಾಸ್ಟರ್ ಒಂದರ ಮೇಲೊಂದು ಹಾಸಿದ ಬಟ್ಟೆಯ ಇಡೀ ಅಟ್ಟಿಯನ್ನು ಎಡಗಾಲಿಗೇ ಕತ್ತರಿಸಿಬಿಟ್ಟಿದ್ದರು. ಓನರ್ ಬೈಯಲಿಲ್ಲ. ಮನೆಯಲ್ಲಿ ರೆಸ್ಟ್ ತಗೊಳ್ಳಿ ಅಂದರಂತೆ. ಬಳ್ಳಾರಿಯ ಡಾಕ್ಟರು ಮೆದುಳಿನ ಫೋಟೋ ತೆಗೆಸಿ, ಇದು ಮರೆವಿನ ಕಾಯಿಲೆ, ನಿಧಾನಕ್ಕೆ ಹೆಚ್ಚಾಗುತ್ತದೆ, ಹಿಂದಕ್ಕೆ ಬರುವುದಿಲ್ಲ ಎಂದಿದ್ದರು.

“ಮನೇಲಿ ಮಾತೇ ಇಲ್ಲ ಕಣಮ್ಮ. ಊಟ ಅಂದ್ರೆ ಊಟ, ನಿದ್ದೆ ಅಂದ್ರೆ ನಿದ್ದೆ. ಭಾನ್ವಾರ ನಿಮ್ಮತ್ರ ಹೋಗಿ ಬಂದ್ರೆ ಮಾತ್ರ ಬಾಯ್ತುಂಬ ಮಾತಾಡ್ತಾರೆ. ಅದೊಂದು ಉಳುಸ್ಕೊಡ್ರಿ. ಅದೂ ಹೋದ್ರೆ ನನ್ ಪಾಲಿಗೆ ಅವ್ರು ಹೋದಂಗೇಯ.”

ಅಂದು ಸಂಜೆ ನಾವು ಮೂವರು ಮೊಬೈಲ್ ಅಂಗಡಿಯಲ್ಲಿ ಸೇರಿದೆವು. ಅಂಗಡಿಯವನು ಬಹಳ ಹೊತ್ತು ಒಂದು ಫೋನನ್ನು ಬಿಚ್ಚುವುದು ಜೋಡಿಸುವುದು ಮಾಡುತ್ತಿದ್ದ. ಕೊನೆಗೆ ಮೂವರೂ ಸೇರಿ ಒಂದು ಉಪಾಯ ಮಾಡಿದೆವು. ಮಾಸ್ಟರ್ ಯಾವ ತಂಡ ಹಿಡಿದರೂ ಒಬ್ಬರು ಅವರ ಕಡೆ, ಇಬ್ಬರು ಎದುರು ನಿಲ್ಲುವುದು. ಪಾರ್ಟಿ ಬದಲಿಸಿದರೆ ಗಮನಿಸದಂತೆ ಇರುವುದು. ದಂಡ ಕೇಳುವುದೇ ಬೇಡ.

ಮುಂದಿನ ಭಾನುವಾರ ಹೆಂಡತಿಯೇ ಅವರನ್ನು ಮೈದಾನದ ಗೇಟಿನವರೆಗೆ ಬಿಟ್ಟು ಹೋದರು. ಮಾಸ್ಟರ್ ಹಸಿರಿನಿಂದ ಶುರು ಮಾಡಿ, ಸ್ವಲ್ಪ ಹೊತ್ತಿಗೆ ಹಳದಿಗೆ ಹೊರಳಿದರು. ನಾವು ಮಾತಿಲ್ಲದೆ ಜಾಗ ಬದಲಿಸಿದೆವು. ಹಳದಿಯ ಮೊಬೈಲ್ ಅಂಗಡಿಯವನು ಹಸಿರನ್ನು ಹೊಗಳತೊಡಗಿದ. ಅವನ ಜೀವಮಾನದಲ್ಲೇ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. “ಹೌದ್ರಿ ಮಾಸ್ಟರ್, ನೀವು ಹೇಳೋದೂ ಖರೇನ...” ಅಂದ.

ಮಾಸ್ಟರ್ ವಾದ ನಿಲ್ಲಿಸಿದರು. ಅವನನ್ನು, ಪಿ.ಇ.ಟಿ. ಸಾರನ್ನು, ನನ್ನನ್ನು ನೋಡಿದರು.

“ಇವತ್ತು ಒಗ್ಗರಣಿ ಯಾಕ ಕೇಳವಲ್ರಿ?”

ಮೊಬೈಲ್ ಅಂಗಡಿಯವನು, “ಹಸಿವಿಲ್ರಿ” ಅಂದ.

“ನಾ ಮೊದಲು ಯಾವ ಕಡಿ ಇದ್ದೆ, ಈಗ ಯಾವ ಕಡಿ ಅದೀನಿ, ನನಗ ಗೊತ್ತಾಗವಲ್ದು. ಆದ್ರ ನೀವು ದಂಡ ಬಿಡೋ ಮಂದಿ ಅಲ್ಲ. ಜ್ವರ ಬಂದವನನ್ನೂ ಬಿಡಲಿಲ್ಲ ನೀವು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಆಕಿ ಬಂದು ಹೇಳ್ಯಾಳ?”

ನಾನು ತಲೆ ತಗ್ಗಿಸಿದೆ.

“ದಾರಿ ಬಿಟ್ಟು ನಿಂತ್ರ ಅದು ಡಿಫೆನ್ಸ್ ಅಲ್ಲವ್ವಾ. ಹಂಗ ಬಿಟ್ಟಾಗ ಹಾಕಿದ ಬಾಸ್ಕೆಟ್ಟು ನನಗ ಬ್ಯಾಡ.” ಎದ್ದು ನಿಂತು ಗೇಟಿನ ಕಡೆ ನಡೆದರು. ಗೇಟು ದಾಟಿದ ಮೇಲೆ ಎಡಕ್ಕೋ ಬಲಕ್ಕೋ ತಿಳಿಯದೆ ನಿಂತರು. ಪಿ.ಇ.ಟಿ. ಸಾರ್ ಓಡಿಹೋಗಿ ಕೈ ಹಿಡಿದರೆ ಕೊಸರಿಕೊಂಡರು. ಸಾರ್ ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತ, ತಿರುವು ಬಂದಾಗಲೆಲ್ಲ ಸುಮ್ಮನೆ ಕೆಮ್ಮಿ ಮನೆಯ ದಿಕ್ಕಿಗೆ ತಿರುಗುತ್ತ, ಅವರನ್ನು ಮನೆ ಮುಟ್ಟಿಸಿದರು.

ಮತ್ತೆ ಅವರು ಬರಲಿಲ್ಲ. ಹೆಂಡತಿ ಕರೆದರು, ನಾವು ಮನೆಗೇ ಹೋಗಿ ಕರೆದೆವು. ಗೋಡೆಯ ಕಡೆ ತಿರುಗಿ ಮಲಗಿಯೇ ಇದ್ದರು. ಉಳಿಸಿಕೊಡಿ ಎಂದು ಕೇಳಿದ್ದ ಒಂದೇ ಒಂದನ್ನು ನಾವು ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದ್ದೆವು. ಮೈದಾನಕ್ಕೆ ನಾವೂ ಹೋಗುವುದು ನಿಂತಿತು. ಮಳೆಗಾಲಕ್ಕೆ ಹೆಂಡತಿ ಅವರನ್ನು ಮಡಕಶಿರಕ್ಕೆ, ತಮ್ಮನ ಮನೆಗೆ ಕರೆದುಕೊಂಡು ಹೋದರು.

ದಸರಾ ರಜೆಗೆ ಊರಿಗೆ ಹೋದಾಗ ನೋಡಲು ಹೋದೆ. ತಮ್ಮನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಕೊನೆಯ ಪೊರೆ ಬಿಟ್ಟು ಹಸಿದಿದ್ದವು. ಮನೆಯವರೆಲ್ಲ ಸೊಪ್ಪು ಹಾಕುವ ಅವಸರದಲ್ಲಿದ್ದರು. ಮಾಸ್ಟರ್ ಬಾಗಿಲ ಬಳಿ ಕೂತು, ಹುಳು ಸೊಪ್ಪು ಮೇಯುವ ಸದ್ದನ್ನು ಕೇಳುತ್ತಿದ್ದರು. ನನ್ನನ್ನು ನೋಡಿ ನಮಸ್ಕಾರ ಮಾಡಿದರು, ಆಫೀಸಿನವರಿಗೆ ಮಾಡುವ ಹಾಗೆ.

“ಹೊರಗೆ ಸುತ್ತುಸ್ಕಂಡು ಬಾರಮ್ಮ, ನಿಂಗೆ ಪುಣ್ಯ ಬತ್ತದೆ” ಅಂದರು ಹೆಂಡತಿ.

ನಾನು ಆಡಿ ಬೆಳೆದ ಶಾಲೆಯ ಮೈದಾನಕ್ಕೆ ಕರೆದೊಯ್ದೆ. ಕೋಟೆ ಬೆಟ್ಟದ ನೆರಳು ಅರ್ಧ ಅಂಗಳಕ್ಕೆ ಬಂದಿತ್ತು. ಎರಡು ಬೋರ್ಡುಗಳಲ್ಲಿ ಒಂದರ ರಿಂಗ್ ಕಿತ್ತುಹೋಗಿತ್ತು. ಇನ್ನೊಂದರ ಕೆಳಗಿನ ಕಟ್ಟೆಯ ಮೇಲೆ ಕೂತು, ಫೋನಿನಲ್ಲಿ ಹಳೆಯ ಪಂದ್ಯ ಹಾಕಿದೆ. ಈ ಸಲ ದಾರಿ ಬಿಡಬಾರದು ಎಂದು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ನನ್ನ ಹಳದಿ ತಂಡದ ಪರವಾಗಿ, ಕರುಣೆಯಿಲ್ಲದೆ, ಇದ್ದ ವಾದವನ್ನೆಲ್ಲ ಮುಂದಿಟ್ಟೆ. ಆ ಗಾರ್ಡ್ ತಂಡಕ್ಕೆ ಭಾರ ಅಂದೆ. ಮಾಸ್ಟರ್ ಪರದೆಯನ್ನೇ ನೋಡುತ್ತಿದ್ದರು.

“ಯಾವ ಗಾರ್ಡು?”

ತೋರಿಸಿದೆ. ಅವರಿಗೆ ಏನೂ ಅನಿಸಿದಂತೆ ಕಾಣಲಿಲ್ಲ. ಎದುರು ಯಾರೂ ಇಲ್ಲದೆ ಎಷ್ಟು ಹೊತ್ತು ವಾದಿಸುವುದು? ನಾನೇ ಅವರ ಕಡೆಯಿಂದ ಶುರು ಮಾಡಿದೆ. ಅವರ ಮಾತುಗಳು ನನಗೆ ಬಾಯಿಪಾಠವಾಗಿದ್ದವು. ಬಾಲು ಯಾರ ಕೈಯಲ್ಲಿದೆ ಅಂತಲ್ಲ, ಬಾಲು ಇಲ್ಲದವನು ಎಲ್ಲಿ ನಿಂತಿದ್ದಾನೆ ನೋಡಬೇಕು ಎಂದೆ. ಅವನು ಅಲ್ಲಿ ನಿಂತದ್ದಕ್ಕೇ ಇವನು ಇಲ್ಲಿ ತಪ್ಪಿದ ಎಂದೆ. ಸ್ಕ್ರೂವಿನ ಮಾತನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜವೆನಿಸಿತು.

ಮಾಸ್ಟರ್ ಪೂರ್ತಿ ಕೇಳಿದರು. ಆಮೇಲೆ ತಲೆಯಾಡಿಸಿದರು.

“ಚಲೋ ಮಾತಾಡ್ತೀಯವ್ವಾ. ಆದ್ರ ನಾ ಒಪ್ಪಂಗಿಲ್ಲ.”

“ಯಾಕ್ರಿ ಮಾಸ್ಟರ್?”

ಅವರು ಯೋಚಿಸಿದರು. ಬಾಯಿ ತೆರೆದರು. ಏನೋ ಬರುತ್ತಿದೆ ಎಂದು ನಾನು ಕಾದೆ. ಪರದೆಯ ಮೇಲೆ ಪಂದ್ಯ ಮುಗಿದು, ತಾನಾಗಿಯೇ ಯಾವುದೋ ಜಾಹೀರಾತು ಶುರುವಾಯಿತು. ಅವರು ಅದನ್ನೂ ಅಷ್ಟೇ ಗಮನವಿಟ್ಟು ನೋಡತೊಡಗಿದರು.

ಎದ್ದು ಹೋಗಿ ಗೇಟಿನ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ, ನಮ್ಮ ಕಡೆಯವರ ಬಾಯಲ್ಲಿ ಪುರಿ, ಕಟ್ಟಿಸಿದೆ. ಮಿರ್ಚಿ ಇರಲಿಲ್ಲ. ಈ ಸಲ ಪಾರ್ಟಿ ಬದಲಿಸಿದವಳು ನಾನು, ದಂಡ ನನ್ನದು. ಪೊಟ್ಟಣವನ್ನು ಅವರ ಕೈಗಿಟ್ಟು, ಒಂದು ಮಾತು ರೇಗಿಸುತ್ತಾರೇನೋ ಎಂದು ಮುಖ ನೋಡಿದೆ. ಅವರು ಒಂದು ಹಿಡಿ ತಿಂದರು. ಆಮೇಲೆ ಪೊಟ್ಟಣದ ಬಾಯಿ ಮಡಚಿ, ಬಹಳ ಮರ್ಯಾದೆಯಿಂದ ನನ್ನ ಕಡೆ ಚಾಚಿದರು.

“ತಗೋರಿ. ಇದು ಯಾರದೋ ಏನೋ, ನನ್ನ ಕೈಯಾಗ ಬಂದೈತಿ.”