ಮಾವ ಕಿವುಡರಾದದ್ದು

ಧಾರೆ ಎರೆಯುವಾಗ ನನ್ನ ಕೈ ಹಿಡಿದ ಮಾವನ ಅಂಗೈಯಿಂದ ಗಪ್ಪೆಂದು ಪೆಟ್ರೋಲ್ ವಾಸನೆ ಬಂತು. ಹೊಸ ಪಂಚೆ, ಭುಜದ ಮೇಲೆ ಜರಿಯಂಚಿನ ಶಲ್ಯ, ಹಣೆಗೆ ಕುಂಕುಮ, ಎಲ್ಲ ಸರಿಯಾಗಿಯೇ ಇತ್ತು. ಉಗುರಿನ ಸಂದಿಯಲ್ಲಿ ಮಾತ್ರ ತಿಕ್ಕಿದರೂ ಹೋಗದ ಕರಿ. ಅಡುಗೆಯವರಿಗೆ ಸೌದೆ ಸಾಲದೆ ಬಂದಿತ್ತಂತೆ. ಮಗಳ ಮುಹೂರ್ತ ಹತ್ತಿರ ಬಂದಿದ್ದರೂ ಮಾವ ಛತ್ರದ ಹಿತ್ತಲಿಗೆ ಹೋಗಿ, ಮೆಷಿನ್ ಸ್ಟಾರ್ಟ್ ಮಾಡಿ, ಒಣಗಿದ ದಿಮ್ಮಿಯೊಂದನ್ನು ತುಂಡು ಹಾಕಿ ಬಂದಿದ್ದರು. ಪುರೋಹಿತರು ಅಷ್ಟು ಹೊತ್ತೂ ಕಾದರು. ಬೇರೆಯವರ ಹತ್ತಿರ ಮೆಷಿನ್ ಕೊಟ್ಟು ಕಳಿಸಬಹುದಿತ್ತಲ್ಲ ಎಂದು ಆಮೇಲೆ ಕೇಳಿದ್ದಕ್ಕೆ, "ಅದು ಯಾರ್ ಕೈಲೂ ಏಳಕಿಲ್ಲ ಅಳಿಯಂದ್ರೆ" ಎಂದರು.

ನನ್ನದು ಗುಂಡ್ಲುಪೇಟೆ ಕಡೆಯ ಊರು. ಮಾವನ ಅಪ್ಪನ ಕಾಲದಲ್ಲೇ ಅವರು ಕಾಡು ದಾಟಿ ವಯನಾಡಿಗೆ ಬಂದು ಕಲ್ಲೂರಿನ ಹತ್ತಿರ ನೆಲೆ ನಿಂತವರು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಮನೆಯ ಹಿಂದೆ ಬೇಲಿ, ಬೇಲಿಯಾಚೆ ಸರಕಾರದ ಕಾಡು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮಲಯಾಳ, ಮೆಷಿನ್ ಸ್ಟಾರ್ಟ್ ಆಗದಿದ್ದರೆ ಎರಡರಲ್ಲೂ ಬೈಗುಳ. ಒಬ್ಬಳೇ ಮಗಳಾದ್ದರಿಂದ ಮದುವೆಯಾದ ಮೇಲೆ ನಾನೂ ಅಲ್ಲಿಗೇ ಹೋಗಿ ಸೇರಿದೆ. ಮನೆಅಳಿಯ ಎಂದು ನಮ್ಮೂರಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವರಲ್ಲಿ ಯಾರಿಗೂ ಇಂಥ ಮಾವ ಸಿಕ್ಕಿರಲಿಲ್ಲ.

ಮೆಷಿನ್ ಎಂದರೆ ಮರ ಕೊಯ್ಯುವ ಪೆಟ್ರೋಲ್ ಗರಗಸ. ಮಾವನದು ಯಾವುದೋ ಎಸ್ಟೇಟಿನವರು ಸಾಕಾಗಿ ಎಸೆದದ್ದು. ಅದನ್ನು ಹೊತ್ತುಕೊಂಡು ಬೆಟ್ಟ ಹತ್ತಿದರೆ ಮರ ಕೊಯ್ಯುವ ಮೊದಲೇ ಜೀವ ಬಾಯಿಗೆ ಬರುತ್ತಿತ್ತು. ಅವರ ಸಹವಾಸದಿಂದ ನಾನೂ ಒಂದು ಹಳೇ ಮೆಷಿನ್ ಕೊಂಡೆ. ಭಾನುವಾರ ಊಟವಾದ ಮೇಲೆ ನಮ್ಮ ಜಗಲಿಯಲ್ಲಿ ಈ ಮುದಿ ಮೆಷಿನ್ನುಗಳ ಸಭೆ ಸೇರುತ್ತಿತ್ತು. ಪುಲ್ಪಳ್ಳಿಯಿಂದ ವರ್ಕಿ ಚೇಟ್ಟ, ಅಂದರೆ ವರ್ಕಿ ಅಣ್ಣ, ತನ್ನ ಮೆಷಿನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಮೆಣಸಿನ ತೋಟದವನು; ಕನ್ನಡವನ್ನು ಮಾವನ ಬೈಗುಳ ಕೇಳಿಯೇ ಕಲಿತವನು. ಬೇಲಿಯಾಚೆಯ ಹಾಡಿಯಿಂದ ಬೊಮ್ಮ ಬರುತ್ತಿದ್ದ. ಕಾಡಿನ ಜನ, ಮನೆಯಲ್ಲಿ ಒಂದು ಬಗೆಯ ಕನ್ನಡವನ್ನೇ ಆಡುವವರು. ಬೊಮ್ಮ ಎಸ್ಟೇಟುಗಳಲ್ಲಿ ಸಿಲ್ವರ್ ಓಕ್ ಕೊಯ್ದು ಸಂಸಾರ ಸಾಗಿಸುತ್ತಿದ್ದ. ನಮಗೆ ಮೆಷಿನ್ ಹುಚ್ಚು, ಅವನಿಗೆ ಅದು ಅನ್ನ.

ಅಲ್ಲಿ ನಡೆಯುತ್ತಿದ್ದ ವಾದಗಳಿಗೆ ಕೊನೆ ಮೊದಲಿರಲಿಲ್ಲ. ಚೈನಿಗೆ ಬಿಡುವ ಎಣ್ಣೆ ಯಾವುದಿರಬೇಕು ಎಂಬುದೊಂದೇ ಒಂದು ಮಳೆಗಾಲ ನಡೆಯಿತು. ಬೊಮ್ಮ ಹೊಂಗೆಎಣ್ಣೆ ಎನ್ನುವನು, ಮಾವ ಲಾರಿಯಿಂದ ಇಳಿಸಿದ ಹಳೇ ಆಯಿಲ್ ಎನ್ನುವರು, ವರ್ಕಿ ತೆಂಗಿನೆಣ್ಣೆ ಹಾಕುತ್ತಿದ್ದ. "ವರ್ಕಿ ಮರ ಕುಯ್ತಾ ಇದ್ರೆ ಹಪ್ಳ ಕರ್ದಂಗಾಯ್ತದೆ, ಹಸಿವಾಯ್ತದೆ ಕನಾ" ಎಂದು ಮಾವ ಮೂಗು ಅರಳಿಸುವರು. ಒದ್ದೆಯಾದ ಪ್ಲಗ್ಗನ್ನು ಮಾವ ಬಿಚ್ಚಿಕೊಂಡು ಹೋಗಿ ಅಡುಗೆಮನೆಯ ಒಲೆಯ ಕೆಂಡದ ಹತ್ತಿರ ಇಟ್ಟು ಕಾಯಿಸಿ ತರುತ್ತಿದ್ದರು.

"ಹೊಸ ಪ್ಲಗ್ ಹಾಕು ಚೇಟ್ಟಾ. ಎಷ್ಟು ದಿವಸ ಅದನ್ನೇ ಸುಡ್ತಿ?" ಎಂದು ವರ್ಕಿ.

"ಇವತ್ತು ಪ್ಲಗ್ ಬದಲಾಯ್ಸದೋನು ನಾಳೆ ಹೆಂಡ್ರನ್ನೂ ಬದಲಾಯಿಸ್ತಾನೆ."

ಒಳಗಿನಿಂದ ಅತ್ತೆಯ ದನಿ: "ಬದಲಾಯ್ಸಿ ನೋಡ್ಲಿ. ಬರೋಳು ತನ್ನ ಒಲೇಲಿ ಪ್ಲಗ್ ಸುಡಕ್ಕೆ ಬುಡ್ತಾಳಾ ಕೇಳಿ. ಸಾರೆಲ್ಲ ಪೆಟ್ರೋಲ್ ನಾತ."

ನನ್ನ ಮೆಷಿನ್ ಏಳದ ದಿನ ನಾನೇ ಎಲ್ಲರಿಗೂ ತಮಾಷೆಯ ವಸ್ತು. ಹಗ್ಗ ಎಳೆದಾಗ ಮೊದಲ ಕೆಮ್ಮು ಬಂದ ಕೂಡಲೇ ಚೋಕ್ ಒಳಗೆ ಒತ್ತಬೇಕು. ನನಗೆ ಇನ್ನೊಂದು ಸಲ ಎಳೆದರೆ ಹತ್ತಿಕೊಂಡೇಬಿಡುತ್ತದೆ ಎಂಬ ಆಸೆ. ಎಳೆದೆಳೆದು ಪೆಟ್ರೋಲ್ ಒಳಗೆ ತುಂಬಿಕೊಂಡು, ಮೆಷಿನ್ ಸುಮ್ಮನಾಗಿ, ತೋಳು ಬಿದ್ದುಹೋಗುತ್ತಿತ್ತು. ಮಾವ ಬೀಡಿಯನ್ನು ದೂರದ ಕಲ್ಲಿನ ಮೇಲಿಟ್ಟು ಬಂದು ನಿಲ್ಲುವರು. "ಅಳಿಯಂದ್ರೆ, ಎಳೀಬ್ಯಾಡಿ, ಕೇಳಿ. ಅದು ಕುಡ್ದು ಮನೀಕಂಡದೆ. ಈಗ ಎಳುದ್ರೆ ನಿಮ್ ತೋಳು ಕಿತ್ತು ಬತ್ತದೆ, ಅದು ಏಳಕಿಲ್ಲ." ಎಳೀಬ್ಯಾಡಿ, ಕೇಳಿ ಎಂಬುದನ್ನು ಅವರು ಮೆಷಿನ್ ವಿಷಯಕ್ಕೆ ಮಾತ್ರ ಹೇಳುತ್ತಿದ್ದದ್ದಲ್ಲ. ಗಂಡ ಹೆಂಡಿರ ಜಗಳಕ್ಕೂ ಅವರ ಬುದ್ಧಿಮಾತು ಅಷ್ಟೇ ಆಗಿತ್ತು.

ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಎಲ್ಲೋ ಗುಡ್ಡದಾಚೆ ಮೆಷಿನ್ ಸದ್ದು ಕೇಳಿದರೆ ಸಾಕು, ಎಲೆಅಡಿಕೆ ಜಗಿಯುವುದು ನಿಲ್ಲುತ್ತಿತ್ತು. ಹೊಸ ಮೆಷಿನ್ನುಗಳೆಲ್ಲ ಒಂದೇ ದನಿಯಲ್ಲಿ ಕಿರುಚುತ್ತವೆ, ಹಳೆಯವಕ್ಕೆ ಒಂದೊಂದಕ್ಕೆ ಒಂದೊಂದು ಗಂಟಲು. ಯಾರದು, ಯಾವ ಮರ, ಚೈನು ಮೊಂಡಾಗಿದೆಯೋ ಇಲ್ಲವೋ, ಎಲ್ಲ ಹೇಳುವರು. ಸಂಜೆ ವಿಚಾರಿಸಿದರೆ ಹಾಗೆಯೇ ಇರುತ್ತಿತ್ತು. ನಾವೂ ಊಹಿಸುತ್ತಿದ್ದೆವು. ಸೋತವರು ಗೆದ್ದವರ ಚೈನಿನ ಹಲ್ಲಿಗೆಲ್ಲ ಅರ ಹಾಕಿ ಹರಿತ ಮಾಡಿ ಕೊಡಬೇಕೆಂಬುದು ಪಂದ್ಯ. ಹಾಗಾಗಿ ಮಾವ ತನ್ನ ಚೈನಿಗೆ ತಾನು ಅರ ಹಾಕಿದ್ದೇ ಇಲ್ಲ. ಈ ವಿದ್ಯೆಗೆ ಕಲ್ಲೂರಿನ ಬಜಾರಿನಲ್ಲೆಲ್ಲ ಹೆಸರಿತ್ತು, ಮಾವನಿಗೆ ಅದರ ಜಂಬ ಇನ್ನೂ ಹೆಚ್ಚಿತ್ತು. ಬೇರೆ ವಿಷಯಕ್ಕೆ ಬಂದರೆ ಅವರು ದೊಡ್ಡ ಬುರುಡೆದಾಸರು. ವಯಸ್ಸಿನಿಂದ ಹಿಡಿದು ಆನೆ ಅಟ್ಟಿಸಿಕೊಂಡು ಬಂದ ಕಥೆಯವರೆಗೆ ಒಂದೂ ನಂಬುವ ಹಾಗಿರಲಿಲ್ಲ. ಮೆಷಿನ್ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ.

ಅವು ಭೂಸಮರದ ವರ್ಷಗಳು. ಇದು ನಮ್ಮ ಅಜ್ಜಂದಿರ ನೆಲ ಎಂದು ಹಾಡಿಗಳ ಜನ ಕಾಡಂಚಿನಲ್ಲಿ ಗುಡಿಸಲು ಹಾಕಿ ಕೂತಿದ್ದರು. ಒಂದು ಕಡೆ ಎಬ್ಬಿಸಿದರೆ ಇನ್ನೊಂದು ಕಡೆ ಹಾಕುವರು. ರಸ್ತೆಯಲ್ಲಿ ಪೊಲೀಸ್ ಜೀಪು, ಗಡ್ಡ ಬಿಟ್ಟವನೆಲ್ಲ ನಕ್ಸಲ ಎಂಬ ಗುಸುಗುಸು. ಪುಲ್ಪಳ್ಳಿಯ ಹಳೇ ನಕ್ಸಲ್ ಕಾಲವನ್ನು ಚಿಕ್ಕಂದಿನಲ್ಲಿ ಕಂಡಿದ್ದ ವರ್ಕಿ, "ಆಗ ಹೀಗೇ. ಒಬ್ಬನ ಬಾಯಿಂದ ಇನ್ನೊಬ್ಬನ ಹೆಸರು ಬಿದ್ರೆ ಸಾಕು, ಅವನ ಕಥೆ ಮುಗೀತು" ಎನ್ನುತ್ತಿದ್ದ. ಬೊಮ್ಮನ ತಂಗಿಯ ಸಂಸಾರವೂ ಆ ಗುಡಿಸಲುಗಳಲ್ಲಿತ್ತು. ಬೊಮ್ಮ ಬಿದ್ದ ನೀಲಗಿರಿ ಮರಗಳನ್ನು ಕೊಯ್ದು ಅವರಿಗೆ ಕಂಬ ಮಾಡಿ ಕೊಡುತ್ತಿದ್ದಾನೆಂದು ನಮಗೆ ಗೊತ್ತಿತ್ತು. ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಅವನ ಮೆಷಿನ್ನಿಗೆ ಕಾಗದಪತ್ರ ಯಾವುದೂ ಇರಲಿಲ್ಲ. ಸಿಕ್ಕಿಬಿದ್ದರೆ ಮೆಷಿನ್ ಹೋಗುತ್ತಿತ್ತು, ಜೈಲಾಗುತ್ತಿತ್ತು, ನಕ್ಸಲನೆಂಬ ಹೆಸರು ಬಿಟ್ಟಿ ಬರುತ್ತಿತ್ತು.

ಅಂಥ ಒಂದು ಭಾನುವಾರ ಬೊಮ್ಮ ಸಭೆಗೆ ಬಂದಿರಲಿಲ್ಲ. ಮಧ್ಯಾಹ್ನ ಜೀಪು ಬಂದು ನಮ್ಮ ಗೇಟಿನೆದುರು ನಿಂತಿತು. ಹೊಸದಾಗಿ ಬಂದಿದ್ದ ಫಾರೆಸ್ಟರ್ ಇಳಿದ. ಒರಟು ಮನುಷ್ಯನೇನಲ್ಲ, ಚಪ್ಪಲಿ ಬಿಟ್ಟು ಜಗಲಿ ಹತ್ತಿದ. ಕಾಡಿನಲ್ಲಿ ಮರ ಕೊಯ್ಯುವ ಸದ್ದು ಹಿಡಿದು ಜೀಪಿನಲ್ಲಿ ಹೋಗುವಷ್ಟರಲ್ಲಿ ಅಲ್ಲಿ ಮರದ ಪುಡಿ ಬಿಟ್ಟು ಏನೂ ಇರುವುದಿಲ್ಲವಂತೆ. ಯಾರೋ ಬಜಾರಿನಲ್ಲಿ ಮಾವನ ಕಿವಿಯ ವಿಷಯ ಹೇಳಿದ್ದರು.

ಅವನು ಕೂತು ಮಾತು ಶುರುಮಾಡಿದ್ದಷ್ಟೇ, ಬೇಲಿಯಾಚೆ ದೂರದಲ್ಲಿ ಮೆಷಿನ್ ಎದ್ದಿತು. ವೇಗ ಇಳಿಸಿದಾಗ ಎರಡು ಸಲ ಬಿಕ್ಕಳಿಸಿ ಮತ್ತೆ ಏರುವ ದನಿ. ಆ ಬಿಕ್ಕಳಿಕೆ ನನ್ನಂಥ ದಡ್ಡನಿಗೂ ಗೊತ್ತಿತ್ತು. ಅದರ ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ ಹಿಂದಿನ ವಾರವಷ್ಟೇ ಮಾವ ಇದೇ ಜಗಲಿಯಲ್ಲಿ ಕೂತು ಬಟ್ಟೆ ಸೋಪು ಮೆತ್ತಿ ಕೊಟ್ಟಿದ್ದರು. ವರ್ಕಿಯ ಬಾಯಲ್ಲಿದ್ದ ಬಾಳೆಹಣ್ಣು ಅಲ್ಲೇ ನಿಂತಿತು.

"ಚೇಟ್ಟಾ, ಹೆಸರೊಂದು ಹೇಳಿದರೆ ಸಾಕು. ನಿಮ್ಮನ್ನು ನಾವು ಎಲ್ಲಿಗೂ ಎಳೆಯುವುದಿಲ್ಲ" ಎಂದು ಫಾರೆಸ್ಟರ್ ಮಲಯಾಳದಲ್ಲಿ ಮೆತ್ತಗೆ ಹೇಳಿದ.

ಮಾವ ಅವನ ಮುಖ ನೋಡಿದರು. ಆಮೇಲೆ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, "ಏನು? ಟೀನಾ?" ಎಂದರು.

"ಟೀ ಅಲ್ಲ. ಆ ಸದ್ದು. ಆ ಮೆಷಿನ್ ಯಾರದು?"

"ಸಕ್ಕರೆ ಜಾಸ್ತಿನಾ?"

ಆಗ ಅತ್ತೆ ಒಳಗಿನಿಂದ ಬಂದವರೇ ಮಾವನ ಕಿವಿಗೆ ಬಾಯಿಟ್ಟು, ಕಾಡೆಲ್ಲ ಕೇಳುವ ಹಾಗೆ ಕೂಗಿದರು: "ಟೀ ಬ್ಯಾಡ್ವಂತೆ! ಮೆಷಿನ್ ಯಾರ್ದು ಅಂತ ಕೇಳ್ತಾವ್ರೆ!" ಫಾರೆಸ್ಟರ್ ಕಡೆ ತಿರುಗಿ, "ಕಿವಿ ಹೋಗಿ ಸುಮಾರು ದಿನ ಆಯ್ತು ಸಾರ್. ಆ ದರಿದ್ರದ್ ಮೆಷಿನ್ ಸದ್ದಿಗೇ ಹೋಯ್ತು. ಹೊರಗಡೆ ಹೇಳ್ಕಳಕ್ಕೆ ಇವರಿಗೆ ನಾಚ್ಕೆ" ಎಂದರು. ನಲವತ್ತು ವರ್ಷದ ದಾಂಪತ್ಯ ಏನೆಂಬುದು ನನಗೆ ಅವತ್ತು ಅರ್ಥವಾಯಿತು.

ಫಾರೆಸ್ಟರ್ ಪೆದ್ದನಲ್ಲ. ಎದ್ದು ಮೆಟ್ಟಿಲಿಳಿದ. ಗೇಟಿನವರೆಗೆ ಹೋಗಿ, ತಿರುಗದೆಯೇ ಸಾಧಾರಣ ದನಿಯಲ್ಲಿ, "ಚೇಟ್ಟಾ, ನಿಮ್ಮ ಬೆನ್ನ ಹಿಂದೆ ಹಾವು" ಎಂದ. ನಾನು ಬೆಂಚಿನ ಮೇಲೆ ಹಾರಿದೆ. ವರ್ಕಿ ಅಂಗಳಕ್ಕೇ ಹಾರಿದ. ಮಾವ ಮಾತ್ರ ಕೂತಲ್ಲೇ ಕೂತು, ನನ್ನನ್ನು ನೋಡಿ, "ಯಾಕೆ, ಅಳಿಯಂದ್ರು ಕುಣೀತಾವ್ರೆ?" ಎಂದು ಅತ್ತೆಯನ್ನು ಕೇಳಿದರು. ಫಾರೆಸ್ಟರ್ ತಿರುಗಿ ಅವರನ್ನೇ ದಿಟ್ಟಿಸಿ ಜೀಪು ಹತ್ತಿದ.

ಸಂಜೆ ಬೊಮ್ಮ ಬಂದ. ವಿಷಯ ಅವನಿಗೆ ತಲುಪಿತ್ತು. ಅಂಗಳದಲ್ಲೇ ನಿಂತು, "ಅಣ್ಣಾ, ಅಂವ ಇಲ್ಲೇ ಇರ್ತಾನೆ. ನೀವು ಎಷ್ಟ್ ದಿನ ಕಿವುಡ್ರಾಗಿರ್ತೀರಿ? ನಾನೇ ಹೋಗಿ ನಂದೇ ಮೆಷಿನ್ನು ಅಂತ ಹೇಳ್ತೀನಿ" ಎಂದ.

"ಸುಮ್ಕಿರ್ಲಾ. ಮೆಷಿನ್ ಹೋದ್ರೆ ನಿನ್ ಕೈಯೇ ಹೋದಂಗೆ. ನಂದು ಬರೀ ಕಿವಿ ತಾನೆ?"

ಬೊಮ್ಮ ಅತ್ತೆ ಕೊಟ್ಟ ಟೀ ಕುಡಿದು, ಲೋಟ ತೊಳೆದಿಟ್ಟು ಹೋದ.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಫಾರೆಸ್ಟರ್ ಮನೆ ಮಾಡಿದ್ದು ಬಜಾರಿನ ಪಕ್ಕದಲ್ಲೇ. ಟೀ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ರೇಷನ್ ಅಂಗಡಿಯಲ್ಲಿ ಅವನ ಕಣ್ಣು ಮಾವನ ಮೇಲೆಯೇ. ಮಾವ ಹಿಂದಿನಿಂದ ಬಂದ ಲಾರಿ ಹಾರನ್ ಹೊಡೆದರೂ ತಿರುಗುತ್ತಿರಲಿಲ್ಲ. ಒಂದು ಸಲ ನಾನೇ ಕೈ ಹಿಡಿದು ಪಕ್ಕಕ್ಕೆಳೆಯಬೇಕಾಯಿತು. ಊರಿನವರು ಮೊದಲು ಕನಿಕರಪಟ್ಟರು, ಆಮೇಲೆ ಎದುರಿಗೇ ಆಡಿಕೊಳ್ಳತೊಡಗಿದರು. ತಮ್ಮ ಬಗ್ಗೆಯೇ ಆಡುವ ಮಾತನ್ನು ಕೇಳಿಸಿಕೊಂಡು ಕೇಳದವರಂತೆ ಕೂರುವುದು ಸಾಮಾನ್ಯ ಶಿಕ್ಷೆಯಲ್ಲ. ಭಾನುವಾರದ ಸಭೆಯಲ್ಲೂ ಅವರು ಬಾಯಿ ಬಿಡಲಿಲ್ಲ. ಎಲ್ಲಾದರೂ ಮೆಷಿನ್ ಸದ್ದಾದರೆ ಅವರ ಕಾಲಿನ ಹೆಬ್ಬೆರಳು ಆಡುವುದು ಕಾಣುತ್ತಿತ್ತು, ಅಷ್ಟೇ. ಪಂದ್ಯ ನಿಂತುಹೋಯಿತು. ಮಾವ ತನ್ನ ಚೈನಿಗೆ ತಾನೇ ಅರ ಹಾಕಿಕೊಳ್ಳುವುದನ್ನು ನೋಡಿ, ಮಾಡಿಕೊಡುತ್ತೇನೆಂದು ಕೈ ಚಾಚಿದೆ. "ಗೆಲ್ಲದೆ ತಗಳಾಕಿಲ್ಲ" ಎಂದರು.

ಗುಡಿಸಲುಗಳನ್ನು ಪೊಲೀಸರು ಒಂದು ಬೆಳಿಗ್ಗೆ ಬಂದು ಕಿತ್ತುಹಾಕಿದರು. ಬೊಮ್ಮನ ತಂಗಿಯ ಸಂಸಾರ ಹಾಡಿಗೆ ವಾಪಸು ಬಂತು. ನೆಲ ಸಿಗಲಿಲ್ಲ. ಮೆಷಿನ್ ಉಳಿಯಿತು, ಅದರಿಂದ ಬೊಮ್ಮ ಎರಡು ಮನೆಗಳ ಹೊಟ್ಟೆ ಹೊರೆದ.

ಕೆಲವು ವರ್ಷಗಳ ಮೇಲೆ ಫಾರೆಸ್ಟರಿಗೆ ವೆಳ್ಳಮುಂಡದ ಕಡೆಗೆಲ್ಲೋ ವರ್ಗವಾಯಿತು. ಸುದ್ದಿಯನ್ನು ವರ್ಕಿಯೇ ತಂದ, ಜೊತೆಗೆ ಒಂದು ಗೊನೆ ಬಾಳೆಹಣ್ಣು. "ಸಾಕು ಚೇಟ್ಟಾ, ಇನ್ನು ಕಿವಿ ತೆಗಿ" ಎಂದು ಮಾವನ ಬೆನ್ನು ತಟ್ಟಿ ಸಂಜ್ಞೆ ಮಾಡಿ ನಕ್ಕ. ಎಲ್ಲರೂ ಕಾದು ಕೂತೆವು. ಸ್ವಲ್ಪ ಹೊತ್ತಿಗೆ ರಸ್ತೆಯಾಚೆಯ ತೋಟದಲ್ಲಿ ಮೆಷಿನ್ ಎದ್ದಿತು, ಹಳೆಯದೇ. ನಾವು ಮಾವನ ಮುಖ ನೋಡಿದೆವು. ಅವರು ನಮ್ಮ ಮುಖ ನೋಡಿದರು.

"ಹೇಳು, ಹೇಳು" ಎಂದ ವರ್ಕಿ.

"ಯಾಕೆ, ಯಾವ್ದಾದ್ರೂ ಓಡ್ತಾ ಅದಾ?" ಎಂದರು ಮಾವ.

ವರ್ಕಿ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಬೊಮ್ಮ ನಗಲಿಲ್ಲ. ಮಾವನ ಹೆಬ್ಬೆರಳು ಆಡುತ್ತಿರಲಿಲ್ಲ, ಅದನ್ನು ಅವನೊಬ್ಬನೇ ನೋಡಿದ್ದ. ಅತ್ತೆ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಮಾವನಿಗೆ ನಿಜಕ್ಕೂ ಕೇಳುತ್ತಿಲ್ಲವೆಂಬುದು ಅವರಿಗೆ ಎಷ್ಟೋ ದಿನದಿಂದ ಗೊತ್ತಿತ್ತು. ಜೀವನವಿಡೀ ಮೆಷಿನ್ ಹಿಡಿದವರ ಕಿವಿ ಹೀಗೆ ಹೋಗುತ್ತದೆಂದು ಆಮೇಲೆ ಬತ್ತೇರಿಯ ಡಾಕ್ಟರು ಹೇಳಿದರು. ಕೇಳುತ್ತಿದ್ದ ಕೊನೆಯ ವರ್ಷಗಳನ್ನೆಲ್ಲ ಅವರು ಕೇಳದವರಂತೆ ಕಳೆದುಬಿಟ್ಟಿದ್ದರು. ನೆನೆದಾಗ ಈಗಲೂ ನನಗೆ ತಡೆಯಲಾಗುವುದಿಲ್ಲ.

ಮುಂದಿನ ಭಾನುವಾರ ಬೊಮ್ಮ ಬಂದವನು ಎಂದಿನಂತೆ ಮೆಟ್ಟಿಲ ಮೇಲೆ ಕೂರದೆ ಮಾವನ ಪಕ್ಕಕ್ಕೆ ಹೋಗಿ ಕೂತ. ದೂರದಲ್ಲಿ ಮೆಷಿನ್ ಸದ್ದಾಯಿತು. ಬೊಮ್ಮ ಬಗ್ಗಿ ಮಾವನ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ, "ಬಸ್ ಡ್ರೈವರ್ ತಮ್ಮಂದು. ಹಲಸಿನ್ ಮರ. ಚೈನು ಮೊಂಡು" ಎಂದ. ಜಗಲಿಗೆಲ್ಲ ಕೇಳಿಸಿತು. ಮಾವ ಒಂದು ಗಳಿಗೆ ಯೋಚಿಸಿ, ಗಂಟಲು ಸರಿಮಾಡಿಕೊಂಡು, "ಬಸ್ ಡ್ರೈವರ್ ತಮ್ಮಂದು ಕನ್ರಪ್ಪಾ. ಹಲಸು ಕುಯ್ತಾವ್ನೆ. ಹಲ್ಲಿಗೆ ಅರ ಕಂಡು ತಿಂಗಳಾಗದೆ" ಎಂದು ಸಭೆಗೆ ಸಾರಿದರು. ನಾನು ಬೇಕೆಂದೇ ಬೇರೆ ಹೆಸರು ಹೇಳಿದೆ. ಸೋತು, ಒಳಗಿನಿಂದ ಅರ ತಂದು ಮಾವನ ಚೈನು ತೊಡೆಯ ಮೇಲಿಟ್ಟುಕೊಂಡೆ. ಅವರು ಇರುವವರೆಗೂ ಹೀಗೇ ನಡೆಯಿತು. ವರ್ಕಿಯಂತೂ ಪ್ರತಿ ಸಲ ಸೋಲುವಾಗ, ಇದು ಮೋಸದಾಟ ಎಂದು ಮಲಯಾಳದಲ್ಲಿ ಕೂಗಾಡುತ್ತಿದ್ದ. ಮಾವನಿಗೆ ಅದು ಕೇಳುತ್ತಿರಲಿಲ್ಲ, ಕೈ ಬೀಸುವುದು ನೋಡಿಯೇ ಅವರಿಗೆ ಖುಷಿ.

ಅವರು ತೀರಿಕೊಂಡದ್ದು ಒಂದು ಬುಧವಾರ ಬೆಳಗ್ಗೆ, ಟೀ ಕುಡಿದು ಒರಗಿದವರು ಏಳಲಿಲ್ಲ. ಜಗಲಿಯಲ್ಲೇ ಮಲಗಿಸಿದ್ದೆವು. ಬೊಮ್ಮ ಬಂದು ತಲೆಯ ಹತ್ತಿರ ಕೂತ. ಜನ ಬರುತ್ತಾ ಹೋಗುತ್ತಾ ಇದ್ದರು. ಸಾವಿನ ಸುದ್ದಿ ತಿಳಿಯದ ಯಾರೋ ಗುಡ್ಡದಾಚೆ ಮೆಷಿನ್ ಸ್ಟಾರ್ಟ್ ಮಾಡಿದರು. ತಲೆ ತಗ್ಗಿಸಿ ಕೂತಿದ್ದ ಬೊಮ್ಮ ಬಗ್ಗಿದ, ಮಾವನ ಕಿವಿಯ ಹತ್ತಿರ ಬಾಯಿಟ್ಟು ಅದು ಯಾರದೆಂದು ಹೇಳಿದ. ಆಮೇಲೆ ಎದ್ದು, ಹಾರೆ ತೆಗೆದುಕೊಂಡು, ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದವರನ್ನು ಸೇರಿಕೊಂಡ.