ಮನೋಳಿ ಮನೋಳೆಯಾದದ್ದು

ಹಜರತಸಾಬನ ಸಿಟ್ಟು ರಾಮದುರ್ಗದ ಪೇಟೆಗೆಲ್ಲ ಗೊತ್ತು. ಅವನ ಅಂಗಡಿಯಲ್ಲಿ ಮಾಡಿಸಿದ ಲಗ್ನಪತ್ರಿಕೆಯಲ್ಲಿ ತಪ್ಪಿದೆ ಎಂದರೆ ಮೊದಲು ಬೈದು, ಆಮೇಲೆ ತಿದ್ದುವ ಮನುಷ್ಯ. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನ ಮೇಲೆ ಮನೆಗಳ ನಕ್ಷೆ ತೆಗೆಯುತ್ತಿದ್ದ. ಆ ತಂತ್ರಾಂಶದ ಹೊಟ್ಟೆಯಲ್ಲಿ ಲಿಸ್ಪ್ ಎಂಬ ಭಾಷೆ ಇತ್ತು, ಎಲ್ಲಿ ನೋಡಿದರೂ ಕಂಸ. ಒಂದು ಕಂಸ ಮುಚ್ಚದಿದ್ದರೆ ಕೆಲಸವೇ ನಿಲ್ಲುತ್ತಿತ್ತು. ಕಲಿಸುವವರಿರಲಿಲ್ಲ, ಬೈಯುತ್ತಲೇ ಕಲಿತ. ನಮ್ಮಂಥ ಸಾಲಿ ಬಿಟ್ಟವರು ಕಲಿಯುವುದೇ ಹಾಗೆ.

2009ರಲ್ಲಿ ನಿವೃತ್ತ ಮಾಸ್ತರ ಅಂದಾನೆಪ್ಪ, ಹಳ್ಳಿಯ ಹಿರಿಯರ ಮಾತು ಕೂಡಿಸಿ ಇಂಟರ್ನೆಟ್ಟಿಗೆ ಹಾಕಲು ಸಂಘ ಕಟ್ಟಿದ. ಹಜರತಸಾಬ ಅದಕ್ಕೆ ಲಿಸ್ಪಿನಲ್ಲಿ ಬರೆದ ಸಾಧನವೊಂದನ್ನು ಹಚ್ಚಿದ. ಬರಹ ಕೊಟ್ಟರೆ ಅದು ಪುಟಗಳನ್ನು ಮೊದಲೇ ಮಾಡಿ ಒಟ್ಟಿಡುತ್ತದೆ, ನಮ್ಮ ಕಡೆ ಒಣಗಿಸಿಡುವ ಕಟಕ ರೊಟ್ಟಿಯ ಹಾಗೆ. ಬಂದವರಿಗೆ ತೆಗೆದು ಕೊಡುವುದಷ್ಟೇ. ರೊಟ್ಟಿಗೆ ಎಳ್ಳು ಹಚ್ಚಬೇಕೆಂದರೆ ಬೇಯಿಸುವ ಮೊದಲೇ ಹಚ್ಚಬೇಕಲ್ಲ, ಹಾಗೆ ಪುಟಕ್ಕೆ ಮೊದಲೇ ಏನಾದರೂ ಹಚ್ಚಲು ಪ್ಲಗಿನ್ ಎಂಬ ತುಣುಕು ಬರೆಯಬೇಕು.

ಅಂದಾನೆಪ್ಪ ಕೇಳಿದ ಪ್ಲಗಿನ್ ಎಂಥದು?

"ಮನಿ, ಅತ್ತಿ ಅಂತ ಹಾಕಿದರ ಮೈಸೂರು ಕಡೆಯವರು ನಗತಾರ. ಕೊನಿಗೆ ಇ ಇದ್ದದ್ದು ಎ ಆಗಲಿ."

"ನೀವ ಈಗ 'ಕೊನಿಗೆ' ಅಂದ್ರಿ, ಮಾಸ್ತರ."

"ಬಾಯಿ ಬ್ಯಾರೆ, ಬರಹ ಬ್ಯಾರೆ. ಬರಿಯೋ."

ಬೈಯುತ್ತಲೇ ಬರೆದ. 'ಹೋಗಿ', 'ಮಾಡಿ' ಎಂಬಂಥವನ್ನು ಮುಟ್ಟದಂತೆ ಬೇರೆ ತೆಗೆದಿಟ್ಟ. ಊರ ಹೆಸರುಗಳನ್ನೂ ಹಾಗೆ ತೆಗೆದಿಡಬೇಕೆಂದು ನೆನಪಾಗಲಿಲ್ಲ.

ಕಟಕೋಳದ ಸುಂದರವ್ವನ ಮಾತಿನಿಂದಲೇ ಶುರು. ತನ್ನ ಮಾತು ಹೇಗೆ ಬಂದಿದೆಯೋ ಕೇಳೋಣವೆಂದು ಮುದುಕಿ ಬಸ್ಸು ಹತ್ತಿ ಅಂಗಡಿಗೆ ಬಂದಳು. ಅಂದಾನೆಪ್ಪನೇ ಪರದೆ ನೋಡಿ ಓದಿದ: "ನನ್ನ ತವರು ಮನೋಳೆ. ಬಂಡೆ ಏರಿ ಗಂಡನ ಮನೆಗೆ ಬಂದೆ."

"ಯಾವೂರು?"

"ಮನೋಳೆ."

"ನಾ ಬಂಡೆ ಏರಾಕ ಮಂಗ್ಯಾ ಏನೋ? ಎತ್ತು ಹೂಡಿದ ಬಂಡ್ಯಾಗ ಬಂದೇನಿ. ತವರಿನ ಹೆಸರು ಕೆಡಿಸಾಕ ನೀವ್ಯಾರು?"

ಹಜರತಸಾಬನ ಮುಖ ಕೆಂಪಾಯಿತು. ಅಂದಾನೆಪ್ಪ ನಕ್ಕು, "ಒಂದಕ್ಷರದ್ದೇನು ಯವ್ವಾ, ಮನೋಳಿ, ಬಂಡಿ ಎರಡನ್ನೂ ಮುಟ್ಟದಂಗ ಬಿಡಸತೇವಿ," ಎಂದ.

"ಎರಡ ಯಾಕ? ಉಳಿದದ್ದೂ ನಾ ಆಡಿದ ಮಾತಲ್ಲ. ನಾ ಅಂದ ಹಂಗ ಹಾಕ್ರಿ. ಇಲ್ಲಾಂದ್ರ ನನ್ನ ಹೆಸರು ತಗೀರಿ."

ಮಾತು ಕೂಡಿಸುವ ಸಂಘವೇ ಮಾತಿಗೆ ನಾಚಿಕೊಂಡರೆ ಆ ಸಂಘ ಯಾತಕ್ಕೆ ಬೇಕು? ಮುದುಕಿಯ ಬಾಯಲ್ಲಿ ಕೊಳೆ ಇದ್ದಂತೆ ತೊಳೆಯಲು ಹೊರಟವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹಜರತಸಾಬ ಪ್ಲಗಿನ್ ಕಿತ್ತು ಹಾಕಿದ.

"ಹಂಗಾದರ ಸಂಘದ ಹೆಸರು ಅದರ ಮ್ಯಾಲ ಬ್ಯಾಡ," ಎಂದು ಅಂದಾನೆಪ್ಪ ಎದ್ದ.

"ಅದನ್ನೂ ಕಿತ್ತೆ. ಹೋಗಿ ಬರ್ರಿ."

ಬಾಗಿಲು ದಾಟಿದ ಮಾಸ್ತರ ಮತ್ತೆ ಆ ಅಂಗಡಿ ಹತ್ತಲಿಲ್ಲ.

ಮರುವಾರ ಸುಂದರವ್ವ ಮತ್ತೆ ಬಂದಾಗ ಹಜರತಸಾಬ ಹೊಸ ಪ್ಲಗಿನ್ ಬರೆದಿದ್ದ. ಮಾತು ಆಡಿದಂತೆಯೇ ನಿಲ್ಲುತ್ತಿತ್ತು. ತಿಳಿಯದವರಿಗೆ ಅರ್ಥ ಪುಟದ ಅಡಿಯಲ್ಲಿ, ಸಣ್ಣಕ್ಷರದಲ್ಲಿ. ಮಾಸ್ತರ ಇಲ್ಲವಲ್ಲ, ತಾನೇ ಓದತೊಡಗಿದ: "ನನ್ನ ತವರು ಮನೋಳಿ. ಬಂಡಿ ಏರಿ ಗಂಡನ ಮನೆಗೆ..."

"ಮನಿಗೆ," ಎಂದಳು ಸುಂದರವ್ವ. ಪರದೆಯ ಮೇಲೆ 'ಮನಿಗೆ' ಎಂದೇ ಇದೆಯೆಂದು ಹಜರತಸಾಬ ಒಪ್ಪಿಕೊಂಡ. "ಅಲ್ಲಿ ಸರಿ ಐತಿ, ನಿನ್ನ ಬಾಯಾಗ ಕೆಟ್ಟೈತಿ. ಮತ್ತ ಓದು."